ಸುಲಾಸಾ, ಐದು ಗಂಟೆಗೆ

ಎರಡೇ ವಾರದಲ್ಲಿ ಅರಬ್ಬಿ ಭಾಷೆಯನ್ನು ಮಣಿಸಿಯೇ ತೀರುತ್ತೇನೆಂದು ಅಟ್ಟೂರಿನ ನಮ್ಮ ಮನೆಯ ಸೋಫಾದ ಮೇಲೆ ಮಲಗಿಕೊಂಡು ಭೀಷಣ ಶಪಥ ಮಾಡಿದೆ! ಫೋನಿನಲ್ಲೇ ಪಾಠ ಸಿಕ್ಕಿತು. ಮೊದಲ ಅಧ್ಯಾಯ ವ್ಯಾಕರಣ, ಹಾರಿಸಿದೆ. ಎರಡನೆಯದು 'ಭೇಟಿಗೆ ಸಮಯ ಗೊತ್ತುಮಾಡುವುದು'. ಅದನ್ನು ಅರೆದು ಕುಡಿದೆ.

ಕಾರಣವಿತ್ತು. ನನ್ನ ಹೆಂಡತಿ ಪ್ರತಿಭಾ ಧಾರವಾಡದವಳು, ಕಸೂತಿಯಲ್ಲಿ ಪಳಗಿದ ಕೈ. ಅವಳ ಗೆಳತಿ ಜಬೀನ್ ಹೆಬ್ಬಾಳದ ಒಂದು ಸರ್ವೀಸ್ ಅಪಾರ್ಟ್‌ಮೆಂಟಿನಲ್ಲಿ ರಿಸೆಪ್ಷನಿಸ್ಟ್, ಅರಬ್ಬಿ ಬಲ್ಲವಳು. ಗಂಡನ ಚಿಕಿತ್ಸೆಗೆಂದು ಒಮಾನಿನಿಂದ ಬಂದು ಅಲ್ಲಿ ತಂಗಿದ್ದ ಹೆಂಗಸೊಬ್ಬರು ಜಬೀನಳ ದುಪಟ್ಟಾದ ಮೇಲೆ ಪ್ರತಿಭಾ ಹಾಕಿದ್ದ ಕಸೂತಿಗೆ ಮಾರುಹೋಗಿ, ಮಗಳ ಮದುವೆಗೆ ಅಂಥದೇ ಶಾಲು ಬೇಕೆಂದರು. ಪ್ರತಿಭಾ ಎರಡು ತಿಂಗಳು ಕಣ್ಣು ನೋಯಿಸಿಕೊಂಡು, ದಾರಕ್ಕೆ ಒಂದು ಗಂಟೂ ಹಾಕದೆ ನವಿಲು, ಗೋಪುರ ಮೂಡಿಸಿದಳು. ಮೂಲೆಯಲ್ಲಿ ಮದುಮಗಳ ಹೆಸರು: ಮರಿಯಮ್. ತನ್ನ ಕೈಕೆಲಸ ಮೊದಲ ಸಲ ಸಮುದ್ರ ದಾಟುತ್ತದೆಂದು ಅವಳಿಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ.

"ಯಾವತ್ತ ತಂದುಕೊಡಬೇಕಂತ ಜಬೀನ್ ಕಡೆಯಿಂದ ಕೇಳಿಸ್ತೀನ್ರಿ," ಎಂದಳು.

"ಜಬೀನ್ ಯಾಕೆ? ಮನೇಲೇ ಅರಬ್ಬಿ ಮಹಾಪಂಡಿತ ಇದ್ದಾನಲ್ಲ!"

"ಕನ್ನಡದಾಗ ಹೇಳಿದ ಟೈಮಿಗೇ ನೀವು ಯಾವತ್ತಾದ್ರೂ ಹೋಗೀರೇನು?"

ಕೇಳಿಸದವನಂತೆ ಆ ಒಮಾನಿನವರಿಗೆ ನಾನೇ ಫೋನ್ ಮಾಡಿದೆ. ಆಕೆ "ಸುಲಾಸಾ, ಖಮ್ಸಾ" ಎಂದರು. ಖಮ್ಸಾ ಅಂದರೆ ಐದು ಗಂಟೆ. ಸುಲಾಸಾ ಅಂದರೆ ಮೂರನೇ ದಿನ. ಸೋಮವಾರ ಒಂದು, ಮಂಗಳವಾರ ಎರಡು... "ಬುಧವಾರ!" ಎಂದು ಪ್ರತಿಭಾಗೆ ಘೋಷಿಸಿದೆ.

ಮಂಗಳವಾರ ಐದೂಕಾಲಿಗೆ ಆಕೆಯ ಫೋನ್. "ವೇನಕ್? ವೇನಕ್?" ಪಾಪ, ಇಂಗ್ಲಿಷಿನಲ್ಲಿ 'ವೆನ್' ಅಂತ ಕೇಳುತ್ತಿದ್ದಾರೆ! ನನ್ನ ಬತ್ತಳಿಕೆಯಿಂದ "ಅನಾ ಫಿತ್ತರೀಕ್!" ಎಂಬ ಬಾಣ ತೆಗೆದೆ. ಹೇಳಿದ ತಾರೀಖಿಗೇ ಬರ್ತೀನಿ ತಾಯಿ, ಅಂತ. ಆರಕ್ಕೆ ಮತ್ತೆ ಕೇಳಿದರು. ಮಂಡಕ್ಕಿ ಮುಕ್ಕುತ್ತಾ ಮತ್ತೆ ಅದನ್ನೇ ಹೇಳಿದೆ.

ಬುಧವಾರ ಪ್ರತಿಭಾ ಇಳಕಲ್ ಸೀರೆ ಉಟ್ಟು ಹೊರಟಳು. ನಮ್ಮನ್ನು ಕಂಡು ಜಬೀನ್ ಎದ್ದು ನಿಂತಳು.

"ಈಗ ಬಂದ್ರಾ? ನಂಗೆ ನಿನ್ನೆ ರಜಾ ಇತ್ತು. ಅವರ ವಾಯ್ಸ್ ಮೆಸೇಜ್ ಈಗ ತಾನೇ ಕೇಳ್ದೆ. ಐದರಿಂದ ಏಳರ ತನಕ ಇದೇ ಕುರ್ಚೀಲಿ ಕಾದಿದಾರೆ, ಲಗೇಜೆಲ್ಲಾ ಟ್ಯಾಕ್ಸೀಲಿಟ್ಕೊಂಡು. ರಾತ್ರೀನೇ ಫ್ಲೈಟು. ನೀವು ದಾರೀಲಿದೀನಿ ಅಂದ್ರಂತೆ, ಎರಡ್ ಸಲ!"

"ನಾನು ತಾರೀಖಿಗೆ ಅಂದೆ ಕಣಮ್ಮಾ!"

"ತಾರೀಖ್ ಬೇರೆ, ತರೀಕ್ ಬೇರೆ ಸರ್. ತರೀಕ್ ಅಂದ್ರೆ ದಾರಿ. ವೇನಕ್ ಅಂದ್ರೆ ಎಲ್ಲಿದೀರ. ಅವರ ವಾರ ಭಾನುವಾರದಿಂದ ಶುರು. ಸುಲಾಸಾ ಮಂಗಳವಾರ ಆಯ್ತು."

"ಕೊರಿಯರ್ ಮಾಡಿದ್ರೆ?" ಎಂದು ತೊದಲಿದೆ.

"ಮದುವೆ ನಾಳಿದ್ದೇ ಸರ್."

ಪ್ರತಿಭಾ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮರಿಯಮ್ ಎಂಬ ಅಕ್ಷರಗಳ ಮೇಲೆ ಬೆರಳಾಡಿಸಿ ಶಾಲು ಮಡಚಿದಳು. "ಇನ್ ಇದನ್ನ ಯಾರ್ ಹೊದಕೋತಾರ್ರಿ?" ಎಂದಳಷ್ಟೆ.

ಮರುದಿನ ಆಫೀಸಿನಿಂದ ಬಂದರೆ ಮನೆಗೆ ಬೀಗ. ಒಳಗೆ ಹೋದರೆ ನನ್ನ ದಿಂಬಿನ ಮೇಲೆ ಆ ಶಾಲು. ಫೋನ್ ಮಾಡಿದೆ, ಯಶವಂತಪುರದಲ್ಲಿ ಧಾರವಾಡದ ರೈಲು ಹತ್ತಿ ಕುಳಿತಿದ್ದಳು.

"ಯಾವಾಗ ಬರ್ತೀಯೇ?"

"ಸುಲಾಸಾ! ನಿಮ್ಮ ಲೆಕ್ಕದ್ದೋ, ಅವರ ಲೆಕ್ಕದ್ದೋ, ನೀವ ನೋಡ್ಕೋರಿ."

ಮಂಗಳವಾರ ಯಶವಂತಪುರ ಸ್ಟೇಷನ್ನಿಗೆ ಹೋಗಿ ಕಾದೆ. ಬರಲಿಲ್ಲ. ಸರಿ, ನನ್ನ ಲೆಕ್ಕವೇ ಇರಬೇಕೆಂದು ಬುಧವಾರವೂ ಹೋದೆ. ರೈಲು ಬಂತು, ಎಲ್ಲರೂ ಇಳಿದರು, ಪ್ಲಾಟ್‌ಫಾರ್ಮ್ ಖಾಲಿಯಾಯಿತು. ಅಳು ಬರುವುದೊಂದು ಬಾಕಿ. ಫೋನ್ ಮಾಡಿದೆ.

"ಎಲ್ಲಿದ್ದೀಯೇ?"

"ಅನಾ ಫಿತ್ತರೀಕ್!" ಎಂದಳು ಪ್ರತಿಭಾ.

ಅವಳ ಹಿಂದೆ ಧಾರವಾಡದ ನಮ್ಮತ್ತೆಯ ಕುಕ್ಕರ್ ಮೂರನೇ ಸಲ ಕೂಗಿತು.