ಬಿಕ್ಕಳಿಸುವ ಕಾರು

ಎಲ್ಲ ಶುರುವಾದದ್ದು ಒಂದು ಮರದ ನೆರಳಿನಿಂದ.

ಆ ಕಟ್ಟಡದ ಅಂಗಳದಲ್ಲಿ ಇದ್ದದ್ದು ಒಂದೇ ಮರ. ಅದರ ಕೆಳಗೆ ಹಿಡಿಸುತ್ತಿದ್ದದ್ದು ಒಂದೇ ಕಾರು. ಅಲ್ಲಿ ಕಾರು ನಿಲ್ಲಿಸುತ್ತಿದ್ದವರು ಮನೆ ಖಾಲಿ ಮಾಡಿ ಹೊರಟದ್ದೇ ತಡ, ಆ ಜಾಗದ ಮೇಲೆ ಇಬ್ಬರ ಕಣ್ಣು ಬಿತ್ತು. ಒಬ್ಬರು ಕೆಳಗಿನ ಮನೆಯ ಡ್ರೈವಿಂಗ್ ಮೇಷ್ಟ್ರು, ಇನ್ನೊಬ್ಬರು ಎರಡನೆಯ ಮಹಡಿಯ ಔಷಧಿ ಅಂಗಡಿಯವರು.

ಮೇಷ್ಟರಿಗೆ ಅದು ಬರೀ ಆಸೆಯಾಗಿರಲಿಲ್ಲ. ಡ್ರೈವಿಂಗ್ ಶಾಲೆಯ ಏಕೈಕ ಕಾರು ಹಗಲೆಲ್ಲ ಬಿಸಿಲಲ್ಲಿ ಹಪ್ಪಳದಂತೆ ಒಣಗುತ್ತಿತ್ತು. ಮಧ್ಯಾಹ್ನದ ಪಾಠಕ್ಕೆ ಬಂದವರು ಸೀಟಿನ ಮೇಲೆ ಕೂತ ಕೂಡಲೇ ಸ್ಪ್ರಿಂಗಿನ ಹಾಗೆ ಎದ್ದುಬಿಡುತ್ತಿದ್ದರು. "ಮೇಷ್ಟ್ರೇ, ನಾನು ಕಲೀತಿರೋದು ಕಾರು ಓಡಿಸೋದನ್ನೋ, ಒಲೆ ಮೇಲಿಂದ ಪಾತ್ರೆ ಇಳಿಸೋದನ್ನೋ?" ಎಂದು ಕೇಳಿದ ಹೆಂಗಸೊಬ್ಬಳು ಸ್ಟಿಯರಿಂಗ್ ಹಿಡಿಯಲು ತಂದಿದ್ದ ಮಸಿಬಟ್ಟೆಯನ್ನು ಮಡಿಚಿಟ್ಟುಕೊಂಡು ಬೇರೆ ಶಾಲೆಗೆ ಹೋಗಿ ಸೇರಿದಳು. ಅವಳ ಹಿಂದೆಯೇ ಉಳಿದವರೂ ಒಬ್ಬೊಬ್ಬರಾಗಿ ಜಾರತೊಡಗಿದರು. ನೆರಳು ಸಿಗದಿದ್ದರೆ ಮಧ್ಯಾಹ್ನದ ಪಾಠವನ್ನೇ ನಿಲ್ಲಿಸಬೇಕಾಗಿತ್ತು.

ಚೀಟಿ ಎತ್ತಿ ನೋಡಿದ್ದಾಯಿತು. ಚೀಟಿ ಮಡಿಸಿದ ರೀತಿ ಸರಿಯಿಲ್ಲವೆಂದು ಜಗಳವಾಯಿತು. ಕೊನೆಗೆ ಕಟ್ಟಡದ ಸಂಘದ ಅಧ್ಯಕ್ಷೆ, ಹಿಂದೆ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದಾಕೆ, ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ತೀರ್ಪು ಕೊಟ್ಟರು.

"ಇಬ್ಬರ ಮನೇಲೂ ಆಟದ ಕಂಪ್ಯೂಟರ್ ಇದೆಯಲ್ಲ? ಅದರಲ್ಲೇ ಕಾರು ಓಡಿಸಿ ತೀರ್ಮಾನ ಮಾಡ್ಕೊಳ್ಳಿ. ಭಾನುವಾರ ಸಂಜೆ ಐದಕ್ಕೆ ರೇಸು. ಗೆದ್ದೋರಿಗೆ ನೆರಳು, ಸೋತೋರಿಗೆ ಬಿಸಿಲು. ಆಮೇಲೆ ಯಾರೂ ಗುಂಯ್ ಅನ್ನೋ ಹಾಗಿಲ್ಲ."

ಮೇಷ್ಟ್ರು ಒಳಗೊಳಗೇ ಕುಣಿದಾಡಿದರು. ಅಂಜುಬುರುಕ ಶಿಷ್ಯರು ನಿಜವಾದ ಗೋಡೆಗೆ ಗುದ್ದುವ ಮೊದಲು ಸುಳ್ಳು ಗೋಡೆಗೆ ಗುದ್ದಿ ಅಭ್ಯಾಸ ಮಾಡಲೆಂದೇ ಅವರು ಆ ಕಂಪ್ಯೂಟರ್ ತಂದಿದ್ದರು. ಅದಕ್ಕೆ ಸ್ಟಿಯರಿಂಗ್ ಇತ್ತು, ಕಾಲಿಗೆ ಪೆಡಲುಗಳಿದ್ದವು. ಜೀವಮಾನವೆಲ್ಲ ಕಾರಿನಲ್ಲಿ ಕಳೆದ ತನ್ನೆದುರು ಮಾತ್ರೆ ಎಣಿಸುವ ಮನುಷ್ಯ ಯಾವ ಲೆಕ್ಕ!

ಅವರಿಗಿದ್ದ ಊನ ಒಂದೇ, ಬಲಗಾಲು. ಶಿಷ್ಯರ ಪಕ್ಕದಲ್ಲಿ ಕೂತು ಬ್ರೇಕ್ ಒತ್ತಿ ಒತ್ತಿ ಆ ಕಾಲಿಗೆ ತನ್ನದೇ ಬುದ್ಧಿ ಬಂದುಬಿಟ್ಟಿತ್ತು. ಬಸ್ಸಿನಲ್ಲಿ ಕೂತರೂ ಒತ್ತುತ್ತಿತ್ತು, ನಿದ್ದೆಯಲ್ಲಿಯೂ ಒತ್ತುತ್ತಿತ್ತು. ಅವರ ಹೆಂಡತಿ ಮಂಚದ ನಡುವೆ ದಪ್ಪ ದಿಂಬಿನ ಗಡಿ ಹಾಕಿ ಮಲಗುತ್ತಿದ್ದದ್ದು ಸುಮ್ಮನೆ ಅಲ್ಲ.

ಭಾನುವಾರ ಬೆಳಿಗ್ಗೆ ಅಭ್ಯಾಸಕ್ಕೆಂದು ಕೂತರು. ಕಾರು ಚೆನ್ನಾಗಿ ಹೊರಟಿತು. ಸ್ವಲ್ಪ ಹೊತ್ತಾದ ಮೇಲೆ ಪರದೆಯ ಮೇಲಿನ ಚಿತ್ರ ಗಕ್ಕನೆ ನಿಂತಿತು. ಚಿತ್ರವೇನೋ ನಿಂತಿತು, ಕಾರು ನಿಲ್ಲಲಿಲ್ಲ. ಮತ್ತೆ ಚಿತ್ರ ಕದಲಿದಾಗ ಕಾರು ಬೇಲಿ ಮುರಿದು ಹುಲ್ಲಿನಲ್ಲಿ ಹೋಗುತ್ತಿತ್ತು. ಇನ್ನೊಂದು ಸಲ ನಿಂತು ಕದಲಿದಾಗ ಕಾರು ಅಂಗಾತ ಬಿದ್ದಿತ್ತು.

ಮೇಷ್ಟರ ಹೆಂಡತಿ ಹಿಂದೆ ನಿಂತು ನೋಡಿದಳು. "ಪಾಪ, ನಿಮ್ಮ ಕಾರಿಗೆ ಬಿಕ್ಕಳಿಕೆ ಬಂದಿದೆ. ಯಾರೋ ನೆನಸ್ಕೋತಿದ್ದಾರೆ."

"ಯಾರು ಅಂತ ಗೊತ್ತು. ಎರಡನೇ ಮಹಡಿಯೋನು," ಎಂದು ಮೇಷ್ಟ್ರು ಹಲ್ಲು ಕಡಿದರು.

"ಒಂದ್ಲೋಟ ನೀರು ಕುಡಿಸಿ ನೋಡಪ್ಪ," ಎಂದರು ಮೂಲೆಯ ಕುರ್ಚಿಯಿಂದ ಅತ್ತೆ.

ಅತ್ತೆ ಎಂದರೆ ಹೆಂಡತಿಯ ತಾಯಿ. ಕಣ್ಣು ಮಂಜು, ಕೈ ಮಾತ್ರ ಚುರುಕು. ಕೂತಲ್ಲೇ ಉಣ್ಣೆಯಲ್ಲಿ ಏನಾದರೂ ಹೆಣೆಯುತ್ತಲೇ ಇರುವವರು. ಆ ಮನೆಯಲ್ಲಿ ಟೆಲಿಫೋನಿಗೆ ಟೋಪಿ ಇತ್ತು, ಮಿಕ್ಸಿಗೆ ಸ್ವೆಟರ್ ಇತ್ತು. ಕಂಪ್ಯೂಟರಿನ ಡಬ್ಬಕ್ಕೆ ಧೂಳು ಕೂರಬಾರದೆಂದು ಮೊನ್ನೆ ಮೊನ್ನೆ ಹೆಣೆದು ಮುಗಿಸಿದ ನೀಲಿ ಗವಸಿಗೆ ಮುಂದೆ ಗುಂಡಿಗಳು, ಎದೆಯ ಮೇಲೆ ಪುಟ್ಟದೊಂದು ಸ್ಟಿಯರಿಂಗಿನ ಚಿತ್ರ. ಮನೆಯಲ್ಲಿ ಇಷ್ಟೊಂದು ಸಾಮಾನು ಬಟ್ಟೆ ಉಟ್ಟುಕೊಂಡಿರುವಾಗ ಇನ್ನೊಂದು ಉಟ್ಟದ್ದು ಯಾರ ಕಣ್ಣಿಗೂ ವಿಶೇಷವಾಗಿ ಬಿದ್ದಿರಲಿಲ್ಲ.

ಸುದ್ದಿ ಮೆಟ್ಟಿಲು ಹತ್ತಿತು. ಮೊದಲು ಇಳಿದು ಬಂದವನು ಮೇಲ್ಮಹಡಿಯ ಲಿಫ್ಟ್ ಮೆಕ್ಯಾನಿಕ್, ಕೈಯಲ್ಲಿ ಸ್ಪ್ಯಾನರ್ ಹಿಡಿದೇ ಬಂದ.

"ನಿಂತು ನಿಂತು ಹೋಗುತ್ತೆ ಅಂದ್ರೆ ಅದು ಕರೆಂಟಿನ ದೋಷ, ಮೇಷ್ಟ್ರೇ. ಲಿಫ್ಟು ಎರಡು ಮಹಡಿ ಮಧ್ಯೆ ಸಿಕ್ಕಾಕ್ಕೊಳ್ಳೋದೂ ಹೀಗೇ."

"ಇದು ಲಿಫ್ಟಲ್ಲಪ್ಪ..."

"ಮೇಲೆ ಕೆಳಗೆ ಹೋದ್ರೆ ಲಿಫ್ಟು, ಅಡ್ಡಡ್ಡ ಹೋದ್ರೆ ಕಾರು. ಅಷ್ಟೇ ವ್ಯತ್ಯಾಸ. ಸರೀರಿ ಅತ್ಲಾಗೆ."

ಅವನು ಡಬ್ಬದ ಗವಸು ತೆಗೆದು ಕುರ್ಚಿಯ ಮೇಲಿಟ್ಟ. ಪಕ್ಕೆಯ ಮುಚ್ಚಳ ಬಿಚ್ಚಿ ಊದಿದ, ತಟ್ಟಿದ, ಮತ್ತೆ ಮುಚ್ಚಿದ. ಫ್ರಿಜ್ಜಿನ ಪ್ಲಗ್ ಕಿತ್ತು ಅಲ್ಲಿಗೆ ಕಂಪ್ಯೂಟರ್ ಸಿಕ್ಕಿಸಿದ. ಮೇಷ್ಟ್ರು ಉಸಿರು ಬಿಗಿಹಿಡಿದು ಕೂತರು. ಕಾರು ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಓಡಿತು!

"ನೋಡಿದ್ರಾ!" ಎಂದು ಮೆಕ್ಯಾನಿಕ್ ಮೀಸೆ ತಿರುವಿ ಹೊರಟ. ಅವನು ಹೋದದ್ದೇ ಅತ್ತೆ ನಿಧಾನವಾಗಿ ಎದ್ದು ಬಂದರು. ಮಗುವನ್ನು ಶಾಲೆಗೆ ಕಳಿಸುವ ತಾಯಿಯಂತೆ ಡಬ್ಬಕ್ಕೆ ಗವಸು ತೊಡಿಸಿ, ಒಂದೊಂದೇ ಗುಂಡಿ ಹಾಕಿ, ಸವರಿ, ಹೋಗಿ ಕೂತರು.

ಫ್ರಿಜ್ಜಿನ ಹಾಲು ಬೆಚ್ಚಗಾಗುವಷ್ಟರಲ್ಲಿ ಕಾರು ಮತ್ತೆ ಬಿಕ್ಕಳಿಸಿತು.

ಎರಡನೆಯವನು ಎದುರುಮನೆಯ ಫೋಟೋಗ್ರಾಫರ್. "ಕರೆಂಟಿಗೂ ಚಿತ್ರಕ್ಕೂ ಏನು ಸಂಬಂಧ ಮೇಷ್ಟ್ರೇ? ಚಿತ್ರ ನನ್ನ ಇಲಾಖೆ. ನಿಮ್ಮ ಮಷೀನು ಹೊರಲಾರದಷ್ಟು ಭಾರ ಹೊತ್ತಿದೆ. ಇಳಿಸೋಣ."

ಅವನೂ ಗವಸು ತೆಗೆದು ಡಬ್ಬವನ್ನು ಹಿಂದೆ ಮುಂದೆ ನೋಡಿದ. ಆಮೇಲೆ ಕೂತು ಆಟದಿಂದ ಒಂದೊಂದೇ ಸಾಮಾನು ಕಳಚತೊಡಗಿದ. ಮೋಡ ಹೋಯಿತು. ಜನ ಹೋದರು. ಬೆಟ್ಟ ಹೋಯಿತು. ಮರಗಳು ಒಂದೂ ಉಳಿಯದೆ ಹೋದವು. ಕೊನೆಗೆ ಉಳಿದದ್ದು ಬೋಳು ರಸ್ತೆ ಮತ್ತು ಸೋಪಿನ ಡಬ್ಬಿಯಂತಹ ಕಾರು.

"ಆಟದೊಳಗೂ ನೆರಳಿಲ್ವಲ್ಲಪ್ಪ ನನಗೆ," ಎಂದು ಮೇಷ್ಟ್ರು ನಿಟ್ಟುಸಿರಿಟ್ಟರು.

"ನೆರಳು ಬೇಕೋ, ಓಟ ಬೇಕೋ?"

ಸೋಪಿನ ಡಬ್ಬಿ ಜಾರಿದ್ದೇ ಜಾರಿದ್ದು. ಫೋಟೋಗ್ರಾಫರ್ ಬೆನ್ನು ತಟ್ಟಿಸಿಕೊಂಡು ಹೋದ. ಅತ್ತೆ ಎದ್ದು ಗುಂಡಿ ಹಾಕಿದರು. ಊಟ ಮುಗಿಸಿ ಮೇಷ್ಟ್ರು ಮತ್ತೆ ಕೂತು ಆಡುತ್ತಿದ್ದಾಗ ಸೋಪಿನ ಡಬ್ಬಿಗೂ ಬಿಕ್ಕಳಿಕೆ ಹತ್ತಿತು.

ಮೂರನೆಯದಾಗಿ ಖುದ್ದು ಅಧ್ಯಕ್ಷೆಯವರೇ ಬಂದರು. ತಾವು ಏರ್ಪಡಿಸಿದ ರೇಸು ಕೆಟ್ಟರೆ ಸಂಘದ ಮರ್ಯಾದೆ ಏನಾಗಬೇಕು?

"ಇಂಟರ್ನೆಟ್ ಗಾಳೀಲಿ ಬರೋದ್ರಿಂದ ಈ ಗತಿ," ಎಂದು ಅವರು ಪಾಠ ಹೇಳಿದರು. "ದಾರಿಯಲ್ಲಿ ಗೋಡೆಗೆ ಡಿಕ್ಕಿ ಹೊಡೆದು ಸುಸ್ತಾಗಿ ಬರುತ್ತೆ. ತಂತಿಯಲ್ಲಿ ಕರ್ಕೊಂಡು ಬನ್ನಿ, ಕೈ ಹಿಡಿದು."

ವೈ-ಫೈ ಪೆಟ್ಟಿಗೆಯಿಂದ ಕಂಪ್ಯೂಟರಿನವರೆಗೆ ತಂತಿ ಎಳೆಯಲು ಮೆಕ್ಯಾನಿಕ್ಕನೂ ಫೋಟೋಗ್ರಾಫರನೂ ಮತ್ತೆ ಬಂದರು. ಒಬ್ಬ ನೆಲದ ಮೇಲೆ ಎಂದ, ಇನ್ನೊಬ್ಬ ಸೂರಿನ ಮೇಲೆ ಎಂದ. ಇಬ್ಬರ ಮಾತಿಗೂ ಮರ್ಯಾದೆ ಕೊಟ್ಟು ಅಧ್ಯಕ್ಷೆ ತಂತಿಯನ್ನು ನಡುವೆ, ಸರಿಯಾಗಿ ಕುತ್ತಿಗೆಯ ಎತ್ತರಕ್ಕೆ ಕಟ್ಟಿಸಿದರು. ಮೇಷ್ಟರ ಹೆಂಡತಿ ಅಡಿಗೆಮನೆಗೆ ಹೋಗಬೇಕಾದರೂ ಬಗ್ಗಬೇಕು, ಬರಬೇಕಾದರೂ ಬಗ್ಗಬೇಕು. "ನಮ್ಮನೇಲಿ ಇಷ್ಟು ವಿನಯ ಯಾವತ್ತೂ ಇರ್ಲಿಲ್ಲ," ಎಂದಳು ಆಕೆ. ಹಿಂದಕ್ಕೆ ಸರಿದ ಮೆಕ್ಯಾನಿಕ್ ತಂತಿಗೆ ಕತ್ತು ಕೊಟ್ಟು, ಆಸರೆಗೆ ಕಿಟಕಿಯ ಪರದೆ ಹಿಡಿದ. ಪರದೆ ಕೋಲು ಸಮೇತ ಫೋಟೋಗ್ರಾಫರನ ತಲೆಯ ಮೇಲೆ ಇಳಿಯಿತು. ಮನೆಯೆಲ್ಲ ಕುಸಿದ ಸರ್ಕಸ್ ಡೇರೆಯಂತೆ ಕಂಡಿತು.

ಆದರೆ ಕಾರು ಓಡಿತು! ಅದನ್ನು ಸರಿಮಾಡಿದ್ದು ಯಾರು ಎಂಬ ಬಗ್ಗೆ ಮೂವರ ನಡುವೆ ಮಾತಿಗೆ ಮಾತು ಬೆಳೆಯಿತು. "ಕಾಫಿ ಕುಡಿದು ಜಗಳ ಆಡಿ," ಎಂದು ಹೆಂಡತಿ ಮೂವರನ್ನೂ ಬಗ್ಗಿಸಿ ಅಡಿಗೆಮನೆಗೆ ಕರೆದೊಯ್ದಳು. ತಂತಿ ಸಿಕ್ಕಿಸಲು ಅವರು ತೆಗೆದಿಟ್ಟಿದ್ದ ಗವಸನ್ನು ಅತ್ತೆ ಎದ್ದು ಮತ್ತೆ ತೊಡಿಸಿ ಗುಂಡಿ ಹಾಕಿದರು.

ಐದಕ್ಕೆ ಇನ್ನು ಸ್ವಲ್ಪವೇ ಹೊತ್ತಿತ್ತು. ಕೊನೆಯದೊಂದು ಅಭ್ಯಾಸ ಮಾಡೋಣವೆಂದು ಮೇಷ್ಟ್ರು ಕೂತರೆ ಮತ್ತೆ ಬಿಕ್ಕಳಿಕೆ. ಅವರಿಗೆ ಅಳುವೇ ಬಂದಂತಾಯಿತು. ಜ್ವರ ಬಂದ ಮಗುವಿನ ಹಣೆ ಮುಟ್ಟುವವರಂತೆ ಡಬ್ಬದ ಮೇಲೆ ಕೈಯಿಟ್ಟರು. ಇಟ್ಟ ಕೈಯನ್ನು ಹಾಗೇ ಎಳೆದುಕೊಂಡರು. ಡಬ್ಬ ಕಾದ ಹೆಂಚಾಗಿತ್ತು!

ಕೈ ನೋಡಿದರು. ಗವಸು ನೋಡಿದರು. ಬಂದವರೆಲ್ಲ ಅದನ್ನು ತೆಗೆದದ್ದು, ಹೋದ ಮೇಲೆ ಅತ್ತೆ ತೊಡಿಸಿದ್ದು ಒಂದಾದ ಮೇಲೊಂದು ನೆನಪಾಯಿತು. ಉಸಿರಾಡುವ ಕಿಂಡಿಗಳನ್ನೆಲ್ಲ ಮುಚ್ಚಿ, ಉಣ್ಣೆ ಹೊದಿಸಿ ಓಡು ಎಂದರೆ ಯಾರು ತಾನೇ ಓಡಿಯಾರು?

ಅತ್ತೆ ಮೂಲೆಯಿಂದ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. "ಯಾಕಪ್ಪ? ಗುಂಡಿ ಏನಾದ್ರೂ ಕಿತ್ತು ಬಂತಾ?"

ಮೇಷ್ಟ್ರು ಆ ಪುಟ್ಟ ಸ್ಟಿಯರಿಂಗಿನ ಚಿತ್ರ ನೋಡಿದರು. ಹೊಲಿಗೆ ಒಂದು ಕಡೆ ದಾರಿತಪ್ಪಿ, ಬಿಚ್ಚಿ, ಮತ್ತೆ ಹಾಕಿದ ಗುರುತಿತ್ತು. ಅತ್ತೆಯ ಆ ಮಂಜುಗಣ್ಣಿನಲ್ಲಿ ಇದನ್ನು ಹೆಣೆಯಲು ಎಷ್ಟು ಮಧ್ಯಾಹ್ನ ಹಿಡಿಯಿತೋ ಏನೋ.

"ಇಲ್ಲ ಅತ್ತೆ, ಗಟ್ಟಿಯಾಗಿದೆ. ರೇಸಲ್ಲಿ ನನ್ನ ಕೈಗೆ ಸಿಕ್ಕಿ ಕೊಳೆಯಾದೀತು ಅಂತ... ಮುಗಿಯೋವರೆಗೂ ಎತ್ತಿಡ್ತೀನಿ."

"ಅದೂ ಸರಿ ಅನ್ನು," ಎಂದು ಅತ್ತೆ ಹಿಗ್ಗಿದರು. ಗವಸನ್ನು ಮಡಿಚಿ ತಮ್ಮ ತೊಡೆಯ ಮೇಲಿಟ್ಟುಕೊಂಡರು.

ಐದು ಹೊಡೆಯಿತು. ಫೋಟೋಗ್ರಾಫರನನ್ನು ಸಾಕ್ಷಿಗೆಂದು ಎರಡನೆಯ ಮಹಡಿಗೆ ಕಳಿಸಿ, ಅಧ್ಯಕ್ಷೆ ಮೇಷ್ಟರ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತರು. ರೇಸು ಶುರುವಾಯಿತು.

ಕಂಪ್ಯೂಟರ್ ಒಂದು ಸಲವೂ ತೊದಲಲಿಲ್ಲ. ಆರಂಭದಲ್ಲಿ ಔಷಧಿ ಅಂಗಡಿಯವರ ಕೆಂಪು ಕಾರು ಮುಂದಿತ್ತು. ಮೇಷ್ಟ್ರು ತಿರುವು ತಿರುವಿಗೂ ಅಂತರ ಕಡಿಮೆ ಮಾಡುತ್ತ ಬಂದರು. ಕೊನೆಯ ಸುತ್ತಿನ ಕೊನೆಯ ತಿರುವು ದಾಟಿದಾಗ ಕೆಂಪು ಕಾರಿನ ಬಾಲಕ್ಕೆ ಅವರ ಮೂಗು ತಾಕುವಂತಿತ್ತು. ಎದುರಿಗೆ ನೇರ ರಸ್ತೆ, ನಾಲ್ಕು ಕಾರು ಒಟ್ಟಿಗೆ ಹೋಗುವಷ್ಟು ಅಗಲ. ಅದರ ತುದಿಯಲ್ಲಿ ಗೆಲುವಿನ ಗೆರೆ.

ಆಗ ಆ ಕೆಂಪು ಕಾರು ನಡುರಸ್ತೆಯಲ್ಲಿ ಗಕ್ಕನೆ ನಿಂತಿತು.

"ಕೆಟ್ಟು ನಿಂತ!" ಎಂದು ಮೆಕ್ಯಾನಿಕ್ ಕೂಗಿದ. "ಪಕ್ಕದಲ್ಲಿ ಹೋಗಿ ಮೇಷ್ಟ್ರೇ, ಹೋಗಿ!"

ಮೇಷ್ಟರಿಗೂ ಹೋಗಬೇಕೆಂದೇ ಇತ್ತು. ಆದರೆ ಎದುರಿಗೆ ಒಂದು ವಾಹನ ಇದ್ದಕ್ಕಿದ್ದ ಹಾಗೆ ನಿಂತದ್ದನ್ನು ಅವರಿಗಿಂತ ಮೊದಲು ಅವರ ಬಲಗಾಲು ನೋಡಿತ್ತು. ಬ್ರೇಕ್ ನೆಲ ಕಚ್ಚಿತು. ಮೇಷ್ಟರ ಕಾರು ಕೆಂಪು ಕಾರಿನ ಹಿಂದೆ, ಪಾಠದಲ್ಲಿ ಹೇಳಿದಷ್ಟೇ ಅಂತರ ಬಿಟ್ಟು, ಅಚ್ಚುಕಟ್ಟಾಗಿ ನಿಂತಿತು. ಕಾಲು ಕಲಿಸಿದ್ದನ್ನು ಕೈ ಮುಂದುವರಿಸಿತು. ಬಲಕ್ಕೆ ಇಂಡಿಕೇಟರ್ ಹಾಕಿತು. ಕತ್ತು ತಿರುಗಿ ಕನ್ನಡಿ ನೋಡಿತು. ಹಿಂದೆ ಯಾರೂ ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಮೇಷ್ಟ್ರು ಮುಂದೆ ನೋಡುವಷ್ಟರಲ್ಲಿ ಕೆಂಪು ಕಾರು ಅಲ್ಲಿರಲಿಲ್ಲ. ಕಪ್ಪೆಯಂತೆ ಜಿಗಿದು ಗೆಲುವಿನ ಗೆರೆಯ ಆಚೆ ನಿಂತಿತ್ತು.

ಇಂಡಿಕೇಟರ್ ಇನ್ನೂ ಟಿಕ್ ಟಿಕ್ ಅನ್ನುತ್ತಿತ್ತು.

"ಡ್ರೈವಿಂಗಿಗೆ ಪೂರ್ತಿ ಅಂಕ ಕೊಡಬಹುದು ಮೇಷ್ಟ್ರೇ," ಎಂದರು ಅಧ್ಯಕ್ಷೆ ಮೆಲ್ಲಗೆ. "ಆದ್ರೆ ನೆರಳು ಅವರಿಗೇ."

ಅಷ್ಟರಲ್ಲಿ ಔಷಧಿ ಅಂಗಡಿಯವರು ಏದುಸಿರು ಬಿಡುತ್ತ ಇಳಿದು ಬಂದರು. ತಂತಿ ಕಾಣದೆ ಕತ್ತಿಗೆ ತಗುಲಿಸಿಕೊಂಡು, ಬಿಡಿಸಿಕೊಂಡು, ಮೇಷ್ಟರ ಕೈ ಹಿಡಿದು ಕುಲುಕಿದರು.

"ತಪ್ಪು ತಿಳೀಬೇಡಿ ಮೇಷ್ಟ್ರೇ, ನಾನು ಹೇಗೆ ಗೆದ್ದೆ ಅಂತ ನನಗೇ ಗೊತ್ತಿಲ್ಲ. ಯಾವತ್ತೂ ತೊಂದರೆ ಕೊಡದ ಮಷೀನು, ಕೊನೇಲಿ ಚಿತ್ರ ನಿಂತೇಹೋಯ್ತು. ಕಣ್ಮುಚ್ಚಿ ಒತ್ತಿ ಹಿಡಿದೆ. ಕಣ್ಬಿಟ್ರೆ ಗೆದ್ದಿದ್ದೆ! ಎಲ್ಲ ನಿಮ್ಮ ಅತ್ತೆಯೋರ ಕೈಗುಣ."

"ಅತ್ತೆಯ ಕೈಗುಣ?" ಮೇಷ್ಟ್ರು ಕೈ ಬಿಡಿಸಿಕೊಂಡರು.

"ಬೆಳಿಗ್ಗೆ ಬಂದು ಕೊಟ್ಟು ಹೋದ್ರಲ್ಲ, ಕೆಂಪು ಗವಸು! ಹಿರಿಯರು ಕೊಟ್ಟದ್ದು ಅಂತ ಆಗಲೇ ತೊಡಿಸಿದ್ದೆ. ತೆಗೆಯೋದೇ ಇಲ್ಲ ಇನ್ನು."

ಎಲ್ಲರೂ ಮೂಲೆಯ ಕಡೆ ತಿರುಗಿದರು. ಅತ್ತೆ ನಾಚಿಕೊಂಡರು. "ಪಾಪ, ನನ್ನ ಕಣ್ಣಿನ ಹನಿ ಔಷಧಿನ ಪ್ರತಿ ಸಲ ಅವರೇ ಮನೆಗೆ ತಂದು ಕೊಡ್ತಾರೆ. ನಿನಗೊಂದು ಹೆಣೆದು ಅವರಿಗೆ ಹೆಣೀದೇ ಇದ್ರೆ ಚೆನ್ನಾಗಿರುತ್ತೇನಪ್ಪ?"

"ಚೆನ್ನಾಗಿರಲ್ಲ," ಎಂದರು ಮೇಷ್ಟ್ರು.

ಎಲ್ಲರೂ ಹೋದ ಮೇಲೆ ಅವರು ಬಾಗಿಲಿಗೆ ಒರಗಿ ಅಂಗಳ ನೋಡುತ್ತ ನಿಂತರು. ಮರದ ಕೆಳಗೆ ಆಗಲೇ ಔಷಧಿ ಅಂಗಡಿಯವರ ಕಾರು ತಣ್ಣಗೆ ಕೂತಿತ್ತು. ಇಳಿಬಿಸಿಲೆಲ್ಲ ಡ್ರೈವಿಂಗ್ ಶಾಲೆಯ ಕಾರಿನ ನೆತ್ತಿಯ ಮೇಲಿತ್ತು. ಅದರ ಪಕ್ಕದಲ್ಲಿ ಏನೋ ಅಲುಗಾಡಿದಂತಾಗಿ ದಿಟ್ಟಿಸಿ ನೋಡಿದರು.

ಅತ್ತೆ ಟೇಪು ಹಿಡಿದು, ಕಣ್ಣಿಗೆ ಹತ್ತಿರ ತಂದುಕೊಳ್ಳುತ್ತ, ಕಾರಿನ ಉದ್ದ ಅಳೆಯುತ್ತಿದ್ದರು.

"ಪಾಪ, ಬಿಸಿಲಲ್ಲೇ ನಿಲ್ಲಬೇಕಲ್ಲ ಇದು," ಎಂದು ಅಲ್ಲಿಂದಲೇ ಕೂಗಿದರು. "ನಾಳೆಯಿಂದ ಇದಕ್ಕೇ ಶುರು ಮಾಡ್ತೀನಪ್ಪ. ದಪ್ಪ ಉಣ್ಣೆಯಲ್ಲೇ ಹೆಣೀತೀನಿ. ಬಣ್ಣ ಯಾವುದಿರಲಿ?"

ಮೇಷ್ಟರ ಬಲಗಾಲು ಹೊಸ್ತಿಲ ಮೇಲೆ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಬ್ರೇಕ್ ಒತ್ತಿತು. ಬಾಯಿ ಮಾತ್ರ, "ನೀಲಿ ಇರ್ಲಿ ಅತ್ತೆ," ಎಂದಿತು.