ಸೋದರಮಾವನ ಕೈಗೆ ಕತ್ತರಿ

ಒಳ್ಳೆಯವನೆಂಬ ಹೆಸರು ಗಳಿಸಲು ಅರ್ಧ ಆಯುಷ್ಯ ಬೇಕು. ಕಳೆದುಕೊಳ್ಳಲು ಒಂದು ಸಿನಿಮಾ ಟಿಕೀಟು ಸಾಕು, ಅದೂ ಮಂದಿ ತೆಗೆಸಿದ ಟಿಕೀಟು. ನಾನು ಹುನಗುಂದದಲ್ಲಿ ಶಾಲಾ ಮಾಸ್ತರ. ಹುಡುಗರ ಕಿವಿ ಹಿಂಡಿದವನೂ ಅಲ್ಲ. ಬಾದಾಮಿಯ ಗುಡ್ಡದಲ್ಲಿ ಶೂಟಿಂಗಿಗೆ ಬಂದಿದ್ದ ಸಿನಿಮಾದವರು ನಮ್ಮೂರ ನಾಟಕದಲ್ಲಿ ನನ್ನನ್ನು ಕಂಡು, ‘ಸಾರ್, ನಿಮ್ಮ ಮುಖ ನೋಡಿದ್ರೆ ಯಾರಿಗೂ ಅನುಮಾನಾನೇ ಬರಲ್ಲ’ ಎಂದರು. ಹೊಗಳಿಕೆಯೆಂದು ತಿಳಿದು ಒಪ್ಪಿಕೊಂಡೆ. ಊರವರನ್ನು ಒಬ್ಬೊಬ್ಬರಾಗಿ ಕತ್ತರಿಯಿಂದ ಕೊಂದವನು, ಸದಾ ನಗುವ ಆ ಸೌಮ್ಯ ದರ್ಜಿಯೇ ಎಂದು ಚಿತ್ರದ ಕೊನೆಗೆ ತಿಳಿಯುತ್ತದೆ. ಆ ದರ್ಜಿ ನಾನು.

ಸಿನಿಮಾ ಭರ್ಜರಿ ಓಡಿತು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಉಳಿಯತೊಡಗಿತು. ಕಾಯಿಪಲ್ಲೆ ಮಾರುವ ಅಜ್ಜಿ ಕೇಳುವ ಮೊದಲೇ ಚೀಲಕ್ಕೆ ಕೊತ್ತಂಬರಿ ತುರುಕಿ, ‘ಹೋಗ್ರಿ, ಲಗೂ ಹೋಗ್ರಿ’ ಎನ್ನುತ್ತಿದ್ದಳು. ಎಲ್ಲವನ್ನೂ ಸಹಿಸಿದೆ. ಕೊತ್ತಂಬರಿಯನ್ನಂತೂ ಸಂತೋಷದಿಂದಲೇ ಸಹಿಸಿದೆ.

ಸಹಿಸಲಾಗದ್ದು ನಡೆದದ್ದು ಇಳಕಲ್ಲಿನಲ್ಲಿ, ತಂಗಿಯ ಮಗನ ಜಾವಳದ ದಿನ. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಕೂದಲು ಕತ್ತರಿಸುವ ಹಕ್ಕು ಸೋದರಮಾವನದು. ‘ಮಾವ ಮುಟ್ಟದ ತಲಿಗೆ ಬುದ್ಧಿ ಹತ್ತಂಗಿಲ್ಲ’ ಎನ್ನುತ್ತಿದ್ದಳು ನಮ್ಮಜ್ಜಿ. ತಂಗಿಗಿರುವ ಅಣ್ಣ ನಾನೊಬ್ಬನೇ. ಬೆಳ್ಳಿ ಉಡದಾರ, ಹೊಸ ಅಂಗಿ ಹಿಡಿದು ಹೋದರೆ, ಅವಳ ಅತ್ತೆ ಕತ್ತರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದರು.

‘ಬ್ಯಾಸರಾ ಮಾಡ್ಕೋಬ್ಯಾಡ್ರಿ ಮಾಸ್ತರ್ರ. ನೀವು ಬರೇ ಮುಟ್ಟಿ ಕೊಡ್ರಿ, ಕೂದಲಾ ನಮ್ಮ ಅಳಿಯಂದ್ರು ತಗೀತಾರ.’

‘ಅತ್ಯಾರ, ಅದು ಸಿನಿಮಾರಿ! ರಕ್ತ ಅಂದ್ರ ಕುಂಕುಮದ ನೀರು!’

‘ಖರೆ ಐತ್ರಿ. ಆದ್ರ ಆ ದರ್ಜೀನೂ ಹಿಂಗ ನಕ್ಕೊಂತನ ಕತ್ತರಿ ಕೇಳ್ತಿದ್ದ.’

ಮೈಯೆಲ್ಲ ಉರಿಯಿತು. ನಗುವುದನ್ನು ನಿಲ್ಲಿಸಿದೆ, ಅದಕ್ಕೆ ಆಕೆ ಒಂದು ಹೆಜ್ಜೆ ಹಿಂದೆ ಸರಿದರು. ಸಾಮಾನು ಅಲ್ಲಿಯೇ ಬಿಟ್ಟು ಬಸ್‌ಸ್ಟ್ಯಾಂಡಿಗೆ ಹೊರಟೇಬಿಟ್ಟೆ. ತಂಗಿ ಅಡ್ಡ ಬಂದಳು.

‘ಅತ್ಯಾರ, ಸಣ್ಣಾಕಿದ್ದಾಗ ನನಗ ಇರವಿ ಕಡದ್ರ, ಅದನ್ನೂ ಕೊಲ್ಲದ ಊದಿ ಹಾರಿಸಿದಾಂವ ನಮ್ಮಣ್ಣ. ಅವ ಇಲ್ದ ಈ ಮನ್ಯಾಗ ಜಾವಳ ಆಗಂಗಿಲ್ಲ. ಕೊಡ್ರಿ ಇಲ್ಲೆ!’ ಎಂದು ಕತ್ತರಿ ಕಸಿದು ನನ್ನ ಕೈಗಿತ್ತಳು.

ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತೆ. ನಾನು ಕತ್ತರಿ ಎತ್ತಿದೆ. ಕೂಸು ನನ್ನ ಮುಖ ನೋಡಿ ಕಿಲಕಿಲ ನಕ್ಕು, ಮೀಸೆ ಹಿಡಿದು ಜಗ್ಗಿತು. ಹೆಂಗಸರೂ ನಕ್ಕರು. ‘ಅಯ್ಯ, ಇವರಿಗೆ ಯಾರ ಅಂಜತಾರವಾ!’ ಎನ್ನುತ್ತ ಅತ್ತೆಯವರು ಹೋಳಿಗೆ ಬಡಿಸಲು ಹೊರಟರು.

ಹಕ್ಕು ಸಿಕ್ಕಿತು, ಮಾನ ಉಳಿಯಿತು. ಆದರೂ ಹೋಳಿಗೆ ಮುರಿಯುವಾಗ ಸಿಟ್ಟು ಮತ್ತೆ ನೆತ್ತಿಗೇರಿತು. ಅಷ್ಟು ಜೀವ ತೇಯ್ದು ಮಾಡಿದ ಕೊಲೆಗಾರನ ಪಾತ್ರ. ಒಬ್ಬರಾದರೂ ಒಂದಿಷ್ಟು ಅಂಜಬಾರದಿತ್ತೇ?