ಬೂಷ್ಟು ಬೆಳೆಸಿದವಳ ಬಿಂಕ

ಬೂಷ್ಟು ಕಂಡರೆ ಊರಿನವರೆಲ್ಲ ಮುಖ ಸಿಂಡರಿಸುತ್ತಾರೆ, ನನ್ನ ಮುಖ ಅರಳುತ್ತದೆ. ಇಂಥವಳ ಬೆನ್ನಿಗೆ ಫಜೀತಿಗಳು ಬೀಳದೆ ಇರುತ್ತವೆಯೇ? ತೊಂಬತ್ತರ ದಶಕದ ಕೊನೆಯಲ್ಲಿ ಶಿವಮೊಗ್ಗದಲ್ಲಿ ಸಂಶೋಧನೆಗೆ ಸೇರಿದಾಗ ಶುರುವಾದವು ಇನ್ನೂ ನಿಂತಿಲ್ಲ. ನಾನು ಬೂಷ್ಟು ಬೆಳೆಸಿ ಡಾಕ್ಟರೇಟ್ ಪಡೆದವಳು. ಅದಕ್ಕೆ ಎಳ್ಳಷ್ಟೂ ಸಂಕೋಚವಿಲ್ಲ, ಬೇಕಾದಷ್ಟು ಜಂಬವಿದೆ.

ಜಾಡಿಯ ಶತ್ರು

ನಮ್ಮಮ್ಮ ಉಪ್ಪಿನಕಾಯಿ ಮಾಡಿ ಮಾರುತ್ತಿದ್ದರು. ನನ್ನ ಓದು, ಬಟ್ಟೆ, ಬಸ್ ಪಾಸು ಎಲ್ಲ ಬಂದದ್ದು ಆ ಜಾಡಿಗಳಿಂದಲೇ. ಜಾಡಿಯಲ್ಲಿ ಒಂದು ಚುಕ್ಕೆ ಬೂಷ್ಟು ಕಂಡರೂ ಮನೆಯಲ್ಲಿ ಸೂತಕದ ಕಳೆ. ಅಂಥ ಮನೆಯ ಮಗಳು ಬೂಷ್ಟನ್ನೇ ಸಾಕುವ ಕೆಲಸ ಹಿಡಿದಿದ್ದಾಳೆಂದು ತಿಳಿದಾಗ ಅಮ್ಮ ಎರಡು ದಿನ ಮಾತು ಬಿಟ್ಟರು.

ನಾನು ಬಿಡಿಸಿ ಹೇಳಿದೆ. "ಬಿದಿರಿಂದ ಕಾಗದ ಮಾಡ್ತಾರಲ್ಲಮ್ಮ, ಆ ನಾರಿಗೆ ಹೆಮಿಸೆಲ್ಯುಲೋಸ್ ಅಂತ ಒಂದು ಅಂಟ್ಕೊಂಡಿರತ್ತೆ. ಕಂದು ಬಣ್ಣ ಅದರೊಳಗೆ ಸಿಕ್ಕಾಕ್ಕೊಂಡು ಬಿಡೋದೇ ಇಲ್ಲ. ಬೆಳ್ಳಗೆ ಮಾಡೋಕೆ ಕ್ಲೋರಿನ್ ಹಾಕ್ಬೇಕು. ನಮ್ಮ ಬೂಷ್ಟು ಒಂದು ಎಂಜೈಮ್ ಬಿಡತ್ತೆ. ಅದು ಹೆಮಿಸೆಲ್ಯುಲೋಸನ್ನ ಮಾತ್ರ ಕತ್ತರಿಸತ್ತೆ, ನಾರನ್ನ ಮುಟ್ಟಲ್ಲ. ಆಮೇಲೆ ಬಣ್ಣ ಸಲೀಸಾಗಿ ಬಿಡತ್ತೆ, ಕ್ಲೋರಿನ್ ಕಮ್ಮಿ ಸಾಕು."

ಅಮ್ಮ ಎಲ್ಲ ಕೇಳಿಸಿಕೊಂಡು, "ಸರಿ, ಸ್ನಾನ ಮಾಡ್ದೆ ಅಡುಗೆಮನೆಗೆ ಕಾಲಿಡ್ಬೇಡ" ಎಂದರು.

ಅದೇ ವಾರ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಊಟಕ್ಕೆ ಕೂತಾಗ ಹುಡುಗನ ತಾಯಿ, "ಏನು ಕೆಲಸ ಮಾಡ್ತೀಯಮ್ಮ?" ಎಂದು ಕೇಳಿದರು. ಅಮ್ಮ ಕಣ್ಸನ್ನೆ ಮಾಡುತ್ತಿದ್ದರೂ ನಾನು ಹೆಮ್ಮೆಯಿಂದಲೇ, "ಬೂಷ್ಟು ಬೆಳೆಸ್ತೀನಿ" ಎಂದೆ. ಎಲ್ಲರೂ ಎಲೆಯ ಮೇಲಿನ ಉಪ್ಪಿನಕಾಯಿಯನ್ನು ಮೆಲ್ಲಗೆ ಅಂಚಿಗೆ ಸರಿಸಿದರು.

ಕುಂಸಿಯ ಸತ್ಕಾರ

ಒಳ್ಳೆಯ ಬೂಷ್ಟು ಬೇಕೆಂದರೆ ಸಿಪ್ಪೆ ಕೊಳೆಯುವ ಕಡೆ ಹುಡುಕು ಎಂದು ನಮ್ಮ ಗೈಡ್ ಹೇಳಿದ್ದರು. ಶಿವಮೊಗ್ಗದ ಹತ್ತಿರದ ಕುಂಸಿಯಲ್ಲಿ ಒಂದು ಮನೆಯ ಹಿತ್ತಿಲಲ್ಲಿ ಅಡಿಕೆ ಸಿಪ್ಪೆಯ ದೊಡ್ಡ ಗುಡ್ಡೆ ಕಂಡಿತು. ಮನೆಯೊಡತಿಗೆ, "ಅದರಲ್ಲಿ ಚೆನ್ನಾಗಿ ಕೊಳೆತಿರೋದು ಸ್ವಲ್ಪ ಬೇಕಿತ್ತು" ಎಂದೆ. ಆಕೆ ಕಾಫಿ ಕೊಟ್ಟು, "ನಾಳೆ ಬಾ, ತೆಗ್ದಿಟ್ಟಿರ್ತೀನಿ" ಎಂದರು.

ಮರುದಿನ ಹೋದರೆ ಹೊಸ ಚೀಲದ ತುಂಬ ಸಿಪ್ಪೆ. ತೊಳೆದು, ಬಿಸಿಲಲ್ಲಿ ಒಣಗಿಸಿ, ಕಸ ಆರಿಸಿದ್ದರು. ಜೊತೆಗೆ ಅರಿಶಿನ ಕುಂಕುಮ, ಬಾಳೆಹಣ್ಣು.

"ನಾನು ಕೇಳಿದ್ದು ಕೊಳೆತಿದ್ದು" ಎಂದೆ ಮೆಲ್ಲಗೆ.

"ಮನೆಗೆ ಬಂದ ಹೆಣ್ಮಗಳಿಗೆ ಯಾರಾದ್ರೂ ಕೊಳೆತಿದ್ದು ಕೊಡ್ತಾರೇನೇ ಮಾರಾಯ್ತಿ? ನೋಡಿದವ್ರು ಏನಂದಾರು?"

ಅಷ್ಟು ಪ್ರೀತಿಗೆ ಎದುರಾಡುವುದು ಹೇಗೆ? ಚೀಲ ಹೊತ್ತು ಹೊರಟೆ. ಆಕೆ ಒಳಗೆ ಹೋದದ್ದು ನೋಡಿಕೊಂಡು ಬೇಲಿಯ ಕಡೆಯಿಂದ ಸುತ್ತಿಬಂದು, ಗುಡ್ಡೆಗೆ ಕೈಹಾಕಿ ಒಂದು ಹಿಡಿ ಕೊಳೆತ ಸಿಪ್ಪೆ ಕರವಸ್ತ್ರಕ್ಕೆ ಕಟ್ಟಿಕೊಂಡು ಓಡಿದೆ. ಚಿನ್ನದಂಥ ಒಣ ಸಿಪ್ಪೆ ಹೆಗಲ ಮೇಲಿಟ್ಟುಕೊಂಡು ಗೊಬ್ಬರ ಕದ್ದವಳು ಇಡೀ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಪೂಜೆ ತಪ್ಪಿದ ಫ್ಲಾಸ್ಕು

ಆ ಕದ್ದ ಹಿಡಿಯಲ್ಲಿ ಸಿಕ್ಕ ಬೂಷ್ಟು ಅಪರೂಪದ್ದು. ಭದ್ರಾವತಿಯ ಒಂದು ಕಾಗದದ ಮಿಲ್ಲಿನ ಮ್ಯಾನೇಜರು, "ದಸರಾ ಆದ್ಮೇಲೆ ತನ್ನಿ, ಒಂದು ಸಲ ನೋಡೋಣ. ಒಂದೇ ಸಲ" ಎಂದು ಒಪ್ಪಿದ್ದರು. ನನ್ನ ಮೂರು ವರ್ಷದ ದುಡಿಮೆ ಆ ಒಂದು ಸಲದ ಮೇಲೆ ನಿಂತಿತ್ತು.

ಆಯುಧಪೂಜೆಯ ದಿನ ಲ್ಯಾಬಿಗೆ ಹೋದರೆ ಬಾಗಿಲಿಗೆ ಮಾವಿನ ತೋರಣ. ನಮ್ಮ ಅಟೆಂಡರಿಗೆ ಭಕ್ತಿ ಜಾಸ್ತಿ. ಮೈಕ್ರೋಸ್ಕೋಪಿಗೆ ಹಾರ, ತಕ್ಕಡಿಗೆ ವಿಭೂತಿ. ನನ್ನ ಒಂದೊಂದು ಫ್ಲಾಸ್ಕಿನ ಹತ್ತಿಯ ಬಿರಡೆ ತೆಗೆದು, ಒಳಕ್ಕೆ ಅರಿಶಿನದ ನೀರು ಚಿಮುಕಿಸಿದ್ದರು. ಫ್ರಿಜ್ಜಿನಲ್ಲಿ ಜೋಪಾನವಾಗಿಟ್ಟ ಟ್ಯೂಬುಗಳನ್ನೂ ಬಿಟ್ಟಿರಲಿಲ್ಲ. ಹೊರಗಿನ ನೀರು ಸೋಕಿದರೆ ಒಳಗಿನ ಬೂಷ್ಟೆಲ್ಲ ಕೆಟ್ಟಂತೆಯೇ; ನನಗೆ ಅಳುವೇ ಬಂತು.

"ಎಲ್ಲಕ್ಕೂ ಹಾಕಿದ್ರಾ?"

"ಎಲ್ಲಕ್ಕೂ ಮೇಡಂ. ಒಂದೇ ಒಂದು ಮಾತ್ರ ತೀರಾ ಗಲೀಜಾಗಿತ್ತು, ದೇವ್ರ ಮುಂದೆ ಹೆಂಗಿಡೋದು ಅಂತ ಸಿಂಕಿನ ಕೆಳಗೆ ತಳ್ಳಿದೀನಿ. ಬೇಜಾರು ಮಾಡ್ಕೋಬೇಡಿ."

ನಾನು ಹೊಸ ಸೀರೆಯಲ್ಲೇ ಸಿಂಕಿನ ಕೆಳಗೆ ತೂರಿದೆ. ಫ್ಲಾಸ್ಕು ಅಲ್ಲೇ ಇತ್ತು, ಹಸಿರಾಗಿ, ಸೊಂಪಾಗಿ. ಅಷ್ಟೂ ಸಂಸಾರ ಮತ್ತೆ ಬೆಳೆದದ್ದು ಅದೊಂದರಿಂದ. ಅಟೆಂಡರು ಈಗಲೂ ಅದು ಪೂಜೆಯ ಫಲ ಎಂದೇ ಹೇಳುತ್ತಾರೆ.

ಗೇಟಿನಲ್ಲಿ ತಪಾಸಣೆ

ಬೂಷ್ಟನ್ನು ಸೋಸಿ ತೆಗೆದ ಎಂಜೈಮಿನ ರಸವನ್ನು ಕ್ಯಾನಿಗೆ ತುಂಬಿ ಭದ್ರಾವತಿ ಬಸ್ಸು ಹತ್ತಿದೆ. ಅದರ ಹುಳಿ ವಾಸನೆಗೆ ಮೂವರ ಸೀಟು ನನಗೊಬ್ಬಳಿಗೇ ಸಿಕ್ಕಿತು. ಮಿಲ್ಲಿನ ಗೇಟಿನಲ್ಲಿ ತಮಿಳು ಸೆಕ್ಯೂರಿಟಿಯವರು ಮುಚ್ಚಳ ತೆಗೆದು ಮೂಸಿ, "ಎನ್ನಮ್ಮಾ ಇದು, ಕಳ್ಳು ತಾನೇ? ಡ್ಯೂಟಿ ಟೈಮಲ್ಲಿ ಒಳಗೆ ಬಿಡಲ್ಲ" ಎಂದರು. ಕೊನೆಗೆ ಫೋರ್ಮನ್ ಬಂದು ನನ್ನನ್ನು ಬಿಡಿಸಿಕೊಂಡರು. ನಂಬಿಕೆ ಸಾಲದೆ ಸೆಕ್ಯೂರಿಟಿಯವರೂ ಹಿಂದೆಯೇ ಬಂದರು. ಫೋರ್ಮನ್ ಕ್ಯಾನನ್ನು ಬಿದಿರಿನ ತಿರುಳಿಗೆ ಸುರಿದಾಗ, "ಪಾಪ, ಬಿದಿರಿಗೂ ಕುಡಿಸೋಕೆ ಶುರು ಮಾಡಿದ್ರಾ?" ಎಂದು ಹೊರಟುಹೋದರು.

ಮ್ಯಾನೇಜರಿಗೆ ಬೇರೆಯೇ ಚಿಂತೆ. "ಅಲ್ಲಮ್ಮ, ಇದು ನನ್ನ ಕಾಗದಾನೇ ತಿಂದ್ಬಿಟ್ರೆ?"

"ಕಾಗದ ಮುಟ್ಟಲ್ಲ ಸಾರ್" ಎಂದೆ.

ಸಂಜೆಗೆ ಎರಡು ಹಾಳೆ ತಯಾರಾದವು. ಒಂದು ಎಂದಿನ ಕ್ಲೋರಿನ್ನಿನದು, ಇನ್ನೊಂದು ನನ್ನ ರಸ ಹಾಕಿ ಕ್ಲೋರಿನ್ ಕಮ್ಮಿ ಮಾಡಿದ್ದು. ಮ್ಯಾನೇಜರು ಎರಡನ್ನೂ ಕಿಟಕಿಗೆ ಹಿಡಿದರು, ಎಳೆದು ನೋಡಿದರು, ಬಿಳುಪು ಅಳೆಯುವ ಮೀಟರಿಗಿಟ್ಟರು. ನನ್ನದೇ ಹೆಚ್ಚು ಬೆಳ್ಳಗಿತ್ತು, ಗಟ್ಟಿಯೂ ಇತ್ತು. ಅವರು ಆ ಹಾಳೆಯನ್ನು ನನ್ನ ಕೈಗಿಟ್ಟು, "ಮನೆಗೆ ತಗೊಂಡು ಹೋಗಿ, ತಾಯಿಗೆ ತೋರಿಸಿ" ಎಂದರು. ವಾಪಸ್ ಬಸ್ಸಿನಲ್ಲಿ ಹಾಳೆ ಮಡಚಬಾರದೆಂದು ಎರಡೂ ಕೈಯಲ್ಲಿ ಹಿಡಿದು ನಿಂತೇ ಬಂದೆ. ಕಣ್ಣು ತುಂಬಿಬರುತ್ತಿತ್ತು.

ಗೋಡೆಯ ಮೇಲಿನ ನೆಂಟ

ಅಮ್ಮ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಏನೂ ಬರ್ದಿಲ್ವಲ್ಲೇ" ಎಂದರು. ಅಷ್ಟೇ ಅಂದುಕೊಂಡೆ. ಮರುದಿನ ಅದಕ್ಕೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ನೇತುಹಾಕಿದ್ದರು. ಉಪ್ಪಿನಕಾಯಿ ಕೊಳ್ಳಲು ಬಂದವರಿಗೆಲ್ಲ ಆ ಖಾಲಿ ಹಾಳೆಯ ದರ್ಶನ ಕಡ್ಡಾಯ. "ನಮ್ಮ ಹುಡುಗಿ ಬೆಳ್ಳಗೆ ಮಾಡಿದ್ದು" ಎನ್ನುತ್ತಿದ್ದರು.

ಮುಂದಿನ ಮಳೆಗಾಲದಲ್ಲಿ ಒಂದು ದಿನ ನೋಡುತ್ತೇನೆ, ಕಟ್ಟಿನೊಳಗೆ ಹಾಳೆಯ ಮೂಲೆಗೆ ಹಸಿರು ಬೂಷ್ಟು ಹಿಡಿದಿದೆ. ಕಟ್ಟು ಬಿಚ್ಚಿ ಒರೆಸೋಣವೆಂದು ಬಟ್ಟೆ ತಂದೆ. ಜೀವಮಾನವೆಲ್ಲ ಬಟ್ಟೆ ಹಿಡಿದು ಬೂಷ್ಟು ಒರೆಸಿದ ನಮ್ಮಮ್ಮ ಓಡಿಬಂದು ನನ್ನ ಕೈ ಹಿಡಿದುಕೊಂಡರು.

"ಬಿಡೇ, ಒರೆಸ್ಬೇಡ. ನೀನು ಸಾಕಿದ್ದಲ್ವಾ?"

"ಇದು ನನ್ನದಲ್ಲಮ್ಮ. ಇದು ಯಾವ್ದೋ ಬೀದೀದು. ಇದು ಕಾಗದಾನೇ ತಿನ್ನತ್ತೆ."

ಅಮ್ಮ ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡು ಅದನ್ನೇ ನೋಡಿದರು. "ತಿನ್ಲಿ ಬಿಡು, ಅದರ ಕಡೆಯವ್ರಿಂದ ತಾನೇ ನೀನು ಡಾಕ್ಟ್ರಾಗಿದ್ದು" ಎಂದರು. ಆಮೇಲೆ ದನಿ ತಗ್ಗಿಸಿ, "ಜಾಡಿ ತಂಟೆಗೆ ಮಾತ್ರ ಬರ್ಬೇಡ ಅಂತ ಒಂದು ಮಾತು ಹೇಳಿಡು. ನೀನು ಹೇಳಿದ್ರೆ ಕೇಳತ್ತೆ" ಎಂದರು.